ನದಿಗೆ ಬಾಗಿಲು ಹಾಕುವ ದನಿ

ಬೆಳಗಾಗಿದೆ ಎಂದು ಗಡಿಯಾರ ಹೇಳುತ್ತದೆ, ಕಣ್ಣು ಒಪ್ಪುವುದಿಲ್ಲ. ಮಾಘದ ಮಂಜು ಲುಯಿತ್ ನದಿಯ ಮೇಲೆ ಗಂಜಿಯ ಕೆನೆಯಂತೆ ಕಟ್ಟಿದೆ. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂಬುದು ದಡದಲ್ಲಿ ನಿಂತವರಿಗೆ ತಿಳಿಯದು. ಎಲ್ಲೋ ಒಂದು ಡಾಲ್ಫಿನ್ ಮೇಲೆ ಬಂದು ಉಸಿರು ಬಿಟ್ಟ ಸದ್ದು, ಎಲ್ಲೋ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಇಷ್ಟರಲ್ಲಿ ಆ ಬಿಳುಪಿನೊಳಗಿಂದ ಒಂದು ಹೆಣ್ಣುದನಿ ಏಳುತ್ತದೆ. ಒಂದೇ ಕಡೆಯಿಂದಲ್ಲ, ಕಂಬದ ತುದಿಯಿಂದ, ನೀರಿನ ಮೇಲಿಂದ, ಸಿಮೆಂಟು ಕಲಸುವ ಶೆಡ್ಡಿನಿಂದ, ಎಲ್ಲ ಕಡೆಯಿಂದಲೂ ಒಟ್ಟಿಗೆ.

"ಎಲ್ರೂ ಎದ್ರಾ? ಚಾ ಕುಡಿದ್ರಾ? ಇವತ್ತು ಮಂಜು ಜಾಸ್ತಿ ಇದೆ. ನಾನು ಹೇಳೋವರೆಗೂ ಯಾರೂ ಏನನ್ನೂ ಎತ್ತಬೇಡಿ, ಇಳಿಸಬೇಡಿ. ಮರಳಿ ಹೇಳಿ."

ಒಬ್ಬೊಬ್ಬರಾಗಿ ಮರಳಿ ಹೇಳುತ್ತಾರೆ. ಮುಖವಿಲ್ಲದ ಗಂಡಸರು ಮಂಜಿನೊಳಗೆ ನಿಂತು ಪಾಠ ಒಪ್ಪಿಸುವಂತಿರುತ್ತದೆ ಅದು. ಕೊನೆಯ ಸರದಿ ದೊಡ್ಡ ಕ್ರೇನಿನ ಬಲ್‌ಕಾರ್ ಸಿಂಗರದು. "ಎತ್ತಲ್ಲ, ಇಳಿಸಲ್ಲ, ಚಾ ಇನ್ನೂ ಬಂದಿಲ್ಲ."

"ಚಾ ನನ್ನ ಇಲಾಖೆ ಅಲ್ಲ ಸರ್ದಾರ್‌ಜಿ. ಮೊದಲೆರಡು ಮಾತು ಸಾಕು."

ಆ ದನಿಯ ಒಡತಿ ತೊರಾಲಿ ದಾಸ್. ದಡದ ಮೇಲೆ, ಹಳೆಯ ಕಂಟೇನರ್ ಡಬ್ಬಿಯೊಂದಕ್ಕೆ ಕಿಟಕಿ ಕೊರೆದು ಮಾಡಿದ ನೀಲಿ ಕೋಣೆಯಲ್ಲಿ ಕೂತಿರುತ್ತಾರೆ. ಮುಂದೆ ವಾಕಿಟಾಕಿಯ ಪೆಟ್ಟಿಗೆ, ಎರಡು ಮೊಬೈಲು, ಶುಂಠಿ ಹಾಕಿದ ಕೆಂಪು ಚಾ. ಮೈಮೇಲೆ ಕಂಪನಿಯ ಹಳದಿ ಜಾಕೆಟ್ಟು, ಅದರಡಿ ಮೇಖಲಾ ಚಾದರ್. ನಾಹರ್‌ಘಾಟ್‌ನಲ್ಲಿ ಏಳು ವರ್ಷದಿಂದ ಏಳುತ್ತಿರುವ ಈ ಸೇತುವೆಯಲ್ಲಿ ಆಕೆಯ ದನಿ ಕೇಳದವರು ಒಬ್ಬರೂ ಇಲ್ಲ. ಮುಖ ನೋಡಿದವರು ಬೆರಳೆಣಿಕೆಯಷ್ಟು. ಜಾರ್ಖಂಡಿನಿಂದ ಬಂದ ಕಂಬಿ ಕಟ್ಟುವ ಹುಡುಗರು ಒಮ್ಮೆ ಸಂತೆಯಲ್ಲಿ ಆಕೆ ಮೀನಿಗೆ ಚೌಕಾಸಿ ಮಾಡುವುದನ್ನು ಕೇಳಿ ಬೆಚ್ಚಿ ಟೋಪಿ ತೆಗೆದು ನಿಂತರಂತೆ. "ಅಷ್ಟು ಎತ್ತರದ ದನಿ ಇಷ್ಟು ಗಿಡ್ಡ ಹೆಂಗಸಿನದಾ ಅಂದ್ರು. ನನಗೂ ಅದೇ ಅನುಮಾನ" ಎಂದು ತೊರಾಲಿ ನಗುತ್ತಾರೆ.

ಕಾಗದದ ಮೇಲೆ ಆಕೆಯ ಹುದ್ದೆ ಸಂಪರ್ಕ ಸಹಾಯಕಿ. ಆ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಇಷ್ಟು ದೊಡ್ಡ ಸೇತುವೆಯನ್ನು ಒಬ್ಬರು ಕಟ್ಟುವುದಿಲ್ಲ. ಕಂಬದ ಕಂಪನಿ ಬೇರೆ, ಉಕ್ಕಿನ ಕಂಪನಿ ಬೇರೆ, ಕಲ್ಲು ತರುವವನು ಬೇರೆ. ಅವರ ಮೇಲೆ ರಸ್ತೆ ಇಲಾಖೆ, ಜಲಮಾರ್ಗದವರು, ಡಾಲ್ಫಿನ್‌ಗೆ ಗದ್ದಲವಾಗಬಾರದೆನ್ನುವ ಅರಣ್ಯದವರು. ಕೆಳಗೆ ಬಲೆ ಹಾಕುವ ಮೀನುಗಾರರು, ದೋಣಿಯವರು, ನದಿಯ ನಡುವಿನ ಮರಳುದ್ವೀಪದ, ಅಂದರೆ ಚಾಪರಿಯ ಜನ. ಹತ್ತು ಹನ್ನೆರಡು ಕಡೆಯವರು, ಹತ್ತು ಹನ್ನೆರಡು ಗಡಿಬಿಡಿ. ಇವರಲ್ಲಿ ಯಾರು ಈಗ ಕೆಲಸ ಶುರು ಮಾಡುತ್ತಾರೆ, ಅದಕ್ಕೆ ಯಾರು ನಿಲ್ಲಿಸಬೇಕು, ಯಾರಿಗೆ ಮೊದಲೇ ತಿಳಿದಿರಬೇಕು ಎನ್ನುವುದೆಲ್ಲ ಈ ನೀಲಿ ಡಬ್ಬಿಯನ್ನು ಹಾದೇ ಹೋಗಬೇಕು. ದಿನಕ್ಕೆ ಇನ್ನೂರು ಮುನ್ನೂರು ಮಾತು ಒಳಗೆ ಬರುತ್ತವೆ, ಅಷ್ಟೇ ಹೊರಗೆ ಹೋಗುತ್ತವೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದವರು ಇಲ್ಲಿ ಒಂದು ಬೆಳಿಗ್ಗೆಯೂ ಕೂತಿರಲಿಲ್ಲ. ಇಲ್ಲಿ ಮಾತು ಬಲ್ಲವಳಿಗೇ ಎಲ್ಲರ ಜಗಳ.

ಕೆಲಸ ಸಿಕ್ಕಿದ್ದೂ ಜಗಳದಿಂದಲೇ. ಮೊದಲ ವರ್ಷ ಕಂಬದ ಬುಡ ಕೊರೆಯಲು ಬಂದ ಹಡಗು ಮೀನುಗಾರರ ಬಲೆ ಹರಿಯಿತು. ದಡದಲ್ಲಿ ಊರವರು ಒಂದು ಕಡೆ, ಕಂಪನಿಯವರು ಒಂದು ಕಡೆ ನಿಂತು ಕೂಗಾಡಿದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಮೀನುಗಾರರ ಕೇರಿಯ ತೊರಾಲಿ, ಗಂಡನ ಸೈಕಲ್ ರಿಪೇರಿ ಅಂಗಡಿಗೆ ಊಟ ಒಯ್ಯುತ್ತಿದ್ದವರು, ನಡುವೆ ನಿಂತು ಅತ್ತಲಿನದನ್ನು ಇತ್ತ, ಇತ್ತಲಿನದನ್ನು ಅತ್ತ ಹೇಳತೊಡಗಿದರು. ಬೈಗುಳ ಬಿಟ್ಟು ಉಳಿದದ್ದನ್ನು ಮಾತ್ರ ದಾಟಿಸಿದರು. "ಸ್ವಲ್ಪ ಹೊತ್ತಾದ ಮೇಲೆ ಇಬ್ರೂ ಒಬ್ಬರನ್ನೊಬ್ರು ಬಿಟ್ಟು ನನ್ನ ಮೇಲೇ ಕೂಗೋಕೆ ಶುರು ಮಾಡಿದ್ರು. ಅದನ್ನ ನೋಡಿ ಕಂಪನಿಯವರು, ಇವಳನ್ನೇ ಇಟ್ಕೊಳ್ಳೋಣ, ಬೈಸಿಕೊಳ್ಳೋದು ಬರುತ್ತೆ ಅಂದ್ರು" ಎನ್ನುತ್ತಾರೆ ತೊರಾಲಿ.

'ಮರಳಿ ಹೇಳಿ' ಎನ್ನುವ ಪಾಠವನ್ನು ಆಕೆಗೆ ಕಲಿಸಿದ್ದು ಒಂದು 'ಹೂಂ'. ಎಡಗಡೆಯ ಕವಲಿನಲ್ಲಿ ಬರಬೇಡ ಎಂದು ಹಡಗಿನ ಚಾಲಕನಿಗೆ ಹೇಳಿದ್ದರು, ಅವನು ಹೂಂ ಅಂದಿದ್ದ, ಎಡಗಡೆಯ ಕವಲಿನಲ್ಲೇ ಬಂದಿದ್ದ. ಅವತ್ತಿನಿಂದ ಆಕೆ ಯಾರ ಹೂಂಕಾರವನ್ನೂ ಒಪ್ಪುವುದಿಲ್ಲ. ಕೇಳಿದವನು ತನ್ನ ಬಾಯಿಂದ ತಾನೇ ಹೇಳಬೇಕು. ದೊಡ್ಡ ಸಾಹೇಬರಾದರೂ ಅಷ್ಟೆ, ಮಣ್ಣು ಹೊರುವವನಾದರೂ ಅಷ್ಟೆ. "ಹೂಂ ಅನ್ನೋದಕ್ಕೆ ಬಾಗಿಲೂ ಇಲ್ಲ, ಚಿಲಕಾನೂ ಇಲ್ಲ. ಯಾರು ಒಳಗೆ ಬಂದ್ರು ಯಾರು ಹೊರಗೆ ಹೋದ್ರು ತಿಳಿಯಲ್ಲ."

ಕಷ್ಟ ಏನು ಎಂದು ಕೇಳಿದರೆ ಗಂಟಲು ತೋರಿಸುತ್ತಾರೆ. ಮಳೆಗಾಲದಲ್ಲಿ ನದಿ ದಡವನ್ನು ತಿನ್ನುತ್ತದೆ, ನೀಲಿ ಡಬ್ಬಿಯನ್ನು ಹಿಂದಕ್ಕೆ ಹಿಂದಕ್ಕೆ ಎಳೆಯಬೇಕು. ಒಂದು ವರ್ಷ ಆಕೆ ಒಳಗೆ ಕೂತು ಮಾತಾಡುತ್ತಿರುವಾಗಲೇ ಎಳೆದರಂತೆ. ಮಾವನವರು ಮೊದಮೊದಲು, ಬಾಯಿ ಬಡಕೊಂಡೇ ಸಂಬಳ ತರುವ ಸೊಸೆಯನ್ನು ಎಲ್ಲೂ ಕಂಡಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಈಗ ನೆಂಟರು ಬಂದರೆ ದಡಕ್ಕೆ ಕರೆತಂದು, ಕೇಳಿ ಕೇಳಿ, ಅದು ನಮ್ಮ ಸೊಸೆ, ಎಂದು ಕಂಬದ ಕಡೆ ಬೆರಳು ತೋರಿಸುತ್ತಾರೆ.

ಭಾರ ಎತ್ತುವ ಹೊತ್ತಿಗೆ ಕೆಳಗೆ ದೋಣಿ ಇರಕೂಡದು. ಆಗ ನದಿಯನ್ನು ಮುಚ್ಚಬೇಕು. ನದಿಗೇನು ಬಾಗಿಲಿದೆಯೇ? ಇಲ್ಲಿ ಬಾಗಿಲೆಂದರೆ ತೊರಾಲಿಯ ಮಾತು ಅಷ್ಟೆ. ಆದರೆ ಮೊಬೈಲಿನಲ್ಲಿ ಕಳಿಸಿದ ಸಂದೇಶ ನಮ್ಮ ಕೇರಿಗಳಲ್ಲಿ ಬರೀ ಸುದ್ದಿ. ಸುದ್ದಿಯನ್ನು ಕೇಳಬಹುದು, ಬಿಡಬಹುದು. ಮನೆಗೆ ಬಂದು, ಬೋಟಾ ಎಂಬ ಹಿತ್ತಾಳೆಯ ಕಾಲುತಟ್ಟೆಯಲ್ಲಿ ಹಸಿ ಅಡಿಕೆ, ವೀಳ್ಯದೆಲೆ ಇಟ್ಟು, ಗಮೊಸಾ ವಸ್ತ್ರ ಹೊದಿಸಿ, ಮಂಡಿಯೂರಿ ಮುಂದಿಟ್ಟರೆ ಅದು ತಾಮೂಲ್. ತಾಮೂಲ್ ಇಟ್ಟು ಹೇಳಿದ್ದೇ ಹೇಳಿದ್ದು. ಮದುವೆಗೂ ಅದೇ, ಸಾವಿಗೂ ಅದೇ, ತಪ್ಪಾಯಿತು ಎನ್ನುವುದಕ್ಕೂ ಅದೇ. ಹಾಗಾಗಿ ಪ್ರತಿ ದೊಡ್ಡ ಮುಚ್ಚುವಿಕೆಗೆ ಮುಂಚೆ ತೊರಾಲಿ ಬೋಟಾ ಹಿಡಿದು ದೋಣಿಯವರ ಮನೆಮನೆ ತಿರುಗುತ್ತಾರೆ. ಕಂಪನಿಯ ಲೆಕ್ಕದಲ್ಲಿ ಈ ಅಡಿಕೆಯನ್ನು ಸಂವಹನ ಸಾಮಗ್ರಿ ಎಂದು ಬರೆಯುತ್ತಾರೆ. ಸುಳ್ಳೇನಲ್ಲ.

ಇನ್ನು ಆಕೆಯ ಸೋದರಮಾವ ಮೊಹಿರಾಮ್ ದಾಸರ ವಿಚಾರ. ನಾಹರ್‌ಘಾಟ್ ದೋಣಿಕಡವಿನ ಎಲ್ಲರ ಬಾಯಲ್ಲೂ ಅವರು ಮೊಹಿರಾಮ್ ಮಾಮಾ. ತಾಯಿ ಸತ್ತ ಮೇಲೆ ತೊರಾಲಿಯನ್ನು ಸಾಕಿದವರು. ಭುಟ್ ಭುಟ್ ಎಂದು ಸದ್ದು ಮಾಡುವ, ನಾಲ್ಕು ಹೆಜ್ಜೆಗೊಮ್ಮೆ ಕೆಮ್ಮುವ ಇಂಜಿನ್ನಿನ ದೋಣಿ ಅವರದು. ಈ ದಡದಿಂದ ಬಾಲಿಚಾಪರಿಗೆ, ಅಲ್ಲಿಂದ ಆ ದಡಕ್ಕೆ. ತೊರಾಲಿಯ ದನಿ ಬೆಳೆದದ್ದೂ ಆ ದೋಣಿಯಲ್ಲೇ. ಪುಟ್ಟ ಹುಡುಗಿಯಾಗಿದ್ದಾಗ ಮೂತಿಯಲ್ಲಿ ನಿಂತು 'ಚಾಪರಿಗೆ ಬರೋರು, ಚಾಪರಿಗೆ' ಎಂದು ಕೂಗುವುದು ಅವಳ ಕೆಲಸವಾಗಿತ್ತು. ಸೇತುವೆಯಾದರೆ ಆ ದಡಕ್ಕೆ ಹೋಗಲು ಈ ದೋಣಿಗೆ ಹತ್ತುವವರು ಯಾರು? ಆ ಸೇತುವೆಗೆ ದಾರಿ ಬಿಡಿಸುವವಳು ತಾನೇ ಸಾಕಿದ ಸೋದರಸೊಸೆ. ಇದನ್ನು ಮಾಮಾ ಏಳು ವರ್ಷ ನುಂಗಿಕೊಂಡಿದ್ದರು. ಬಾಯಿಬಿಟ್ಟು ಒಂದು ಮಾತೂ ಆಡಿರಲಿಲ್ಲ. ಆದರೆ ಮೊದಲು ಮಾಜನಿ ಎಂದು ಮುದ್ದಾಗಿ ಕರೆಯುತ್ತಿದ್ದವರು, 'ಆಫೀಸರಮ್ಮ' ಎನ್ನತೊಡಗಿದ್ದರು.

ಈ ದಡಕ್ಕೆ ಸೊಸೆಯಾಗಿ ಬಂದು ನನ್ನ ಕೂದಲು ನೆರೆತಿದೆ. ಚಾಪರಿಯ ಶಾಲೆಯಲ್ಲಿ ಪಾಠ ಹೇಳುವ ನನ್ನನ್ನು ಎಲ್ಲರೂ ಬಾಯ್ದೇವ್, ಅಂದರೆ ಅಕ್ಕ, ಎನ್ನುತ್ತಾರೆ. ಅಷ್ಟು ವರ್ಷವೂ ದಿನಾ ಮಾಮಾನ ದೋಣಿಯಲ್ಲೇ ದಾಟುತ್ತೇನೆ. ಹಾಗಾಗಿ ಕಳೆದ ತಿಂಗಳು ನಡೆದದ್ದನ್ನು ಯಾರಿಂದಲೂ ಕೇಳಬೇಕಾಗಿಲ್ಲ. ನಾನು ಅದರ ಕೆಳಗೇ ಇದ್ದೆ.

ಆ ದಿನ ಕೊನೆಯ ಅಂಕಣ ಎತ್ತುವುದಿತ್ತು. ನಟ್ಟನಡುವಿನ ಎರಡು ಕಂಬಗಳ ಮಧ್ಯೆ ಉಳಿದಿದ್ದ ಬಾಯಿಗೆ, ಒಂದು ಬೀದಿಯಷ್ಟು ಉದ್ದದ ಉಕ್ಕಿನ ತುಂಡನ್ನು ಕೆಳಗಿನ ಚಪ್ಪಟೆ ಹಡಗಿನಿಂದ ಹಗ್ಗಗಳಲ್ಲಿ ಮೆಲ್ಲಗೆ ಮೇಲೆಳೆಯಬೇಕು. ಮಧ್ಯಾಹ್ನದ ಗಾಳಿ ಏಳುವುದರೊಳಗೆ ಮುಗಿಯಬೇಕು. ತೊರಾಲಿ ಕೇರಿಕೇರಿಗೂ ತಾಮೂಲ್ ಒಯ್ದಿದ್ದರು, ಎಲ್ಲರ ಬಾಯಿಂದಲೂ ಮರಳಿ ಹೇಳಿಸಿಕೊಂಡಿದ್ದರು. ಒಂದು ಮನೆ ಬಿಟ್ಟು. ಹಿಂದಿನ ಸಂಜೆ ಮಾಮಾನ ಮನೆಗೆ ಹೋದವರು ಬೋಟಾವನ್ನು ಹೊರಗೆ ಸೈಕಲ್ಲಿನಲ್ಲೇ ಬಿಟ್ಟು ಒಳಗೆ ಹೋಗಿ ಊಟಕ್ಕೆ ಕೂತರು. ಹುಳಿ ಹಾಕಿದ ಮೀನಿನ ಸಾರು. ಅನ್ನ ಕಲಸುತ್ತ, ನಾಳೆ ಬೆಳಿಗ್ಗೆ ನದಿ ಮುಚ್ತೀವಿ ಮಾಮಾ, ಎಂದರು. ಮಾಮಾ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಹೂಂ ಎಂದೂ ಅನ್ನಲಿಲ್ಲ. ಊರಿಗೆಲ್ಲ ಮರಳಿ ಹೇಳಿ ಎನ್ನುವವರು ಅಲ್ಲಿ ಮಾತ್ರ ಎರಡನೆಯ ಸಲ ಕೇಳದೆ ಕೈ ತೊಳೆದು ಎದ್ದರು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆಯಲ್ಲ.

ಬೆಳಿಗ್ಗೆ ನಾನು ಕಡವಿಗೆ ಬಂದಾಗ ಮಾಮಾನ ಇಂಜಿನ್ನು ಚಾಲೂ ಆಗಿತ್ತು. ನದಿ ಮುಚ್ಚಿದೆ ಎಂಬ ಸಂದೇಶ ನನ್ನ ಮೊಬೈಲಿನಲ್ಲೂ ಇತ್ತು. ಆದರೆ ಮಾಮಾ ಹೊರಟರೆಂದರೆ ನದಿ ತೆರೆದಿದೆ ಎಂದೇ ಅರ್ಥ ಮಾಡಿಕೊಂಡವರು ನಾವು.

"ಮಾಮಾ, ಇವತ್ತು ಮುಚ್ಚಿರ್ತಾರಂತಲ್ಲ?"

"ನನಗೆ ಯಾರೂ ಹೇಳಿಲ್ಲ ಬಾಯ್ದೇವ್. ಹತ್ತಿ, ಹತ್ತಿ."

ಹತ್ತಿದೆವು. ಹಾಲಿನ ಕ್ಯಾನಿನವರು, ಎರಡು ಆಡು ಹಿಡಿದ ಒಬ್ಬ ಮುದುಕಿ, ನಾನು. ಮಂಜಿನೊಳಗೆ ಹೊಕ್ಕ ಮೇಲೆ ದಡ ಅಳಿಸಿಹೋಯಿತು. ದೋಣಿ ಹೋಗುತ್ತಿದೆಯೋ ನಿಂತಿದೆಯೋ ಗೊತ್ತಾಗದ ಆ ನಿದ್ದೆಯಂಥ ಹೊತ್ತಿನಲ್ಲಿ ನನ್ನ ಕೆನ್ನೆಯ ಮೇಲೆ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು. ಮಳೆಯೇ ಎಂದು ತಲೆಯೆತ್ತಿದರೆ ಆಕಾಶದಲ್ಲಿ ಒಂದು ಉಕ್ಕಿನ ಬೀದಿ ತೂಗುತ್ತಿತ್ತು. ಹಗ್ಗಗಳು ಮಂಜಿನಲ್ಲಿ ಕರಗಿದ್ದವು. ಯಾವುದಕ್ಕೂ ತಾಗದೆ, ಯಾರೂ ಹಿಡಿಯದೆ, ನಮ್ಮ ತಲೆಯ ಮೇಲೆ ಅದು ತನ್ನಷ್ಟಕ್ಕೇ ಇತ್ತು. ಅದರ ಅಂಚಿನಿಂದ ಮಂಜಿನ ನೀರು ತೊಟ್ಟಿಕ್ಕುತ್ತಿತ್ತು. ಆಡುಗಳೂ ತಲೆಯೆತ್ತಿ ನೋಡಿದವು. ಅಷ್ಟು ಚೆಂದದ್ದನ್ನು, ಅಷ್ಟು ಭಯವಾದದ್ದನ್ನು ನಾನು ಒಟ್ಟಿಗೆ ಎಂದೂ ಕಂಡಿರಲಿಲ್ಲ.

ಮಾಮಾ ಇಂಜಿನ್ನು ನಿಲ್ಲಿಸಿದರು. ದೋಣಿ ಹರಿವಿಗೆ ಬಿದ್ದು ಅದರ ಕೆಳಗೇ ತೇಲಿತು.

"ಇಷ್ಟು ಕೆಳಗಿರುತ್ತೆ ಅಂತ ಗೊತ್ತಿರ್ಲಿಲ್ಲ" ಎಂದರು, ಯಾರಿಗೆ ಎಂದಿಲ್ಲದೆ.

ಇತ್ತ ನೀಲಿ ಡಬ್ಬಿಯಲ್ಲಿ ನಡೆದದ್ದನ್ನು ಆಮೇಲೆ ತೊರಾಲಿಯೇ ಹೇಳಿದರು. ಹಡಗಿನವನೊಬ್ಬ ಏನೋ ಹೇಳಲು ವಾಕಿಟಾಕಿ ಒತ್ತಿದಾಗ ಅವನ ಮಾತಿನ ಹಿಂದೆ ಒಂದು ಇಂಜಿನ್ನಿನ ಕೆಮ್ಮು ಕೇಳಿಸಿತು. "ಆ ಕೆಮ್ಮು ಕೇಳ್ಕೊಂಡೇ ನಾನು ಮಲಗಿ ದೊಡ್ಡವಳಾದೋಳು ಬಾಯ್ದೇವ್. ಎಲ್ಲ ನಿಲ್ಲಿಸಿ, ಕೆಳಗೆ ದೋಣಿ ಇದೆ, ಅಂತ ಕಿರುಚಿದೆ. ಅವತ್ತು ಯಾರಿಗೂ ಮರಳಿ ಹೇಳಿ ಅನ್ನಲಿಲ್ಲ. ಹೇಳೋಕೆ ಮುಂಚೇನೇ ಬಲ್‌ಕಾರ್ ನಿಲ್ಲಿಸಿದ್ದ."

ಯಾರಿಗೂ ಏನೂ ಆಗಲಿಲ್ಲ. ಆದರೆ ದೋಣಿ ದಾಟಿ, ಎಲ್ಲ ಮತ್ತೊಮ್ಮೆ ನೋಡಿ ಮುಗಿಸುವಷ್ಟರಲ್ಲಿ ಗಾಳಿ ಎದ್ದಿತ್ತು. ಅರ್ಧ ಏರಿದ ಅಂಕಣವನ್ನು ಮತ್ತೆ ಹಡಗಿಗೆ ಇಳಿಸಿದರು. ಆ ಭಾಗದ ಮುಖ್ಯ ಇಂಜಿನಿಯರ್ ವೇಲಾಯುಧನ್ ಕೂಗಾಡುವವರಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ತೊರಾಲಿ. ಅವರು ಕುರ್ಚಿ ಎಳೆದುಕೊಂಡು ಕೂತು, ಮೆಲ್ಲನೆ ಹೇಳಿದರಂತೆ. "ತೊರಾಲಿ, ನಿಮ್ಮ ಮಾತಿನ ಮೇಲೆ ಇಷ್ಟು ವರ್ಷ ನಡೀತು. ಇನ್ನೊಂದು ಸಲ ಒಂದೇ ಒಂದು ದೋಣಿ ಬಂದ್ರೂ ನನ್ನ ಕೈಲಿರಲ್ಲ. ಮೇಲಿನವರು ಎಲ್ಲ ದೋಣಿಗೂ ಸರಪಳಿ ಹಾಕಿಸ್ತಾರೆ. ಕೆಲಸ ಪೂರ್ತಿ ಮುಗಿಯೋವರೆಗೂ."

ಎಲ್ಲ ದೋಣಿಗೂ ಸರಪಳಿ ಎಂದರೆ ಬಾಲಿಚಾಪರಿಗೆ ಉಸಿರು ಕಟ್ಟಿದ ಹಾಗೆ. ಹಾಲು ಹೊರಗೆ ಬರುವುದಿಲ್ಲ, ಔಷಧಿ ಒಳಗೆ ಹೋಗುವುದಿಲ್ಲ, ನನ್ನ ಶಾಲೆಯ ಹತ್ತನೇ ತರಗತಿಯವರು ಪರೀಕ್ಷೆಗೆ ಈ ದಡಕ್ಕೆ ಬರುವಂತಿಲ್ಲ. ಸೇತುವೆಯಾದರೂ ಅಷ್ಟೆ. ಅದು ಚಾಪರಿಯ ತಲೆಯ ಮೇಲೆ ಹಾದುಹೋಗುತ್ತದೆ, ಇಳಿಯಲು ಮೆಟ್ಟಿಲಿಲ್ಲ. ಇಷ್ಟೂ ಭಾರ ಈಗ ಒಂದು ಬೋಟಾದ ಮೇಲೆ ಬಂದು ಕೂತಿತ್ತು.

ಮರುದಿನ ನಡುಹಗಲು ತೊರಾಲಿ ಬೋಟಾ ಹಿಡಿದು ಕಡವಿಗೆ ಬಂದರು. ಮನೆಗೆ ಹೋಗಬಹುದಿತ್ತು. ಎಲ್ಲರ ತಲೆಯ ಮೇಲೆ ಬಂದ ಮಾತು ಎಲ್ಲರೆದುರೇ ತೀರಲಿ ಎಂದು ಇಲ್ಲಿಗೇ ಬಂದರು. ದೋಣಿ ಹೊರಡಲು ನಾವು ಹತ್ತಾರು ಜನ ಕಾಯುತ್ತಿದ್ದೆವು. ಹಳದಿ ಜಾಕೆಟ್ಟು ತೆಗೆದಿಟ್ಟು, ಮರಳಿನಲ್ಲಿ ಮಂಡಿಯೂರಿ, ಬೋಟಾವನ್ನು ಮಾಮಾನ ಕಾಲ ಬಳಿ ಇಟ್ಟು ತಲೆ ಬಾಗಿಸಿದರು.

ಮಾಮಾ ಇಂಜಿನ್ನಿಗೆ ಎಣ್ಣೆ ಹಾಕುವುದನ್ನು ನಿಲ್ಲಿಸಲಿಲ್ಲ. "ಏನಮ್ಮ ಆಫೀಸರಮ್ಮ, ಮರಳು ಬಿಸಿ ಇದೆಯಾ?"

"ಇದೆ ಮಾಮಾ."

"ಇರಲಿ. ಊರಿಗೆ ಉಪಕಾರಿ, ಮನೆಗೆ ಮಾರಿ. ನೆನ್ನೆ ಮೊನ್ನೆ ಬಂದ ಬಲೆಯವನಿಗೂ ತಾಮೂಲ್ ಇಟ್ಟೆ. ನನ್ನ ಮನೇಲಿ ಅನ್ನ ತಿಂದು ಎದ್ದು ಹೋದೆ."

"ಹೇಳಿದ್ನಲ್ಲ ಮಾಮಾ, ಊಟಕ್ಕೆ ಕೂತಾಗ."

"ಅದು ಹೇಳಿದ್ದಾ? ರೇಡಿಯೋದಲ್ಲಿ ವಾರ್ತೆ ಓದ್ತಾರಲ್ಲ, ಆ ಥರ ಓದಿದೆ. ಬೋಟಾನ ಸೈಕಲ್ ಮೇಲೇ ಬಿಟ್ಟು ಬಂದಿದ್ದೆ. ನೋಡಿಲ್ಲ ಅಂದ್ಕೊಂಡ್ಯಾ?"

ತೊರಾಲಿ ತಲೆ ಎತ್ತಲಿಲ್ಲ. ಇಡೀ ಸೇತುವೆಗೆ ಕೇಳಿಸುವ ಆ ದನಿ ನಮಗೇ ಕೇಳಿಸದಷ್ಟು ಸಣ್ಣಗಾಗಿತ್ತು. "ಹೆದರಿದ್ದೆ ಮಾಮಾ. ಮುಂದೆ ಇಟ್ಟು ಕೇಳಿದ್ರೆ ಬೇಡ ಅಂತೀಯ ಅಂತ."

"ಅಂತಿದ್ದೆ. ಬೇಡ ಅಂತಲೇ ಅಂತಿದ್ದೆ." ಮಾಮಾ ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟರು. "ಆಮೇಲೆ ಸ್ವಲ್ಪ ಹೊತ್ತು ಕೂತು, ಬೈದು, ಸರಿ ಹೋಗು ಅಂತಿದ್ದೆ. ದೋಣೀನ ಹೇಗೂ ಕಿತ್ಕೊತೀರಿ. ಬೇಡ ಅನ್ನೋ ನನ್ನ ಸರದೀನೂ ಕಿತ್ಕೊಂಡ್ಯಲ್ಲ ಮಾಜನಿ."

ಮಾಜನಿ ಎಂಬ ಶಬ್ದ ಕೇಳಿದ್ದೇ ತೊರಾಲಿ ಅತ್ತುಬಿಟ್ಟರು. ನಾವು ಯಾರೂ ದೋಣಿ ತಡವಾಯಿತು ಎನ್ನಲಿಲ್ಲ. ಆಡಿನ ಮುದುಕಿ ಮಾತ್ರ, "ತಗೊಳ್ಳೋ ಮೊಹಿ, ಹುಡುಗಿ ಮಂಡಿ ಸುಡುತ್ತೆ" ಎಂದು ಗದರಿದಳು.

ಮಾಮಾ ಬಗ್ಗಲಿಲ್ಲ. "ನಿಲ್ಲು. ಮೊದಲು ನನ್ನದೊಂದು ಮಾತಿದೆ. ನಿಮ್ಮ ಸೇತುವೆ ಮೇಲೆ ಕಾರಿನವರಿಗೆ ಸಾಲು ಸಾಲು ದೀಪ ಹಾಕ್ತೀರಂತೆ. ಕೆಳಗೆ? ಚಾಪರಿಯವರು ದೋಣೀಲೇ ಬರಬೇಕು ತಾನೆ? ಮಂಜಲ್ಲಿ ನಾನು ಕಂಬಕ್ಕೆ ಬಡಿದು ಸಾಯಬೇಕಾ? ನನ್ನ ದೋಣಿ ದಾಟೋ ಎರಡು ಕಂಬದ ನಡುವೆ ಒಂದು ದೀಪ ಬೇಕು. ಹಸಿರು."

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ಮಾಮಾ?"

"ಮೊದಲೇ ಯಾರು ಕೇಳಿದ್ರು?"

"ಆಯ್ತು, ಹೇಳ್ತೀನಿ."

"ಆಯ್ತು ಗೀಯ್ತು ಬೇಡ. ಮರಳಿ ಹೇಳು."

ಕಡವಿನಲ್ಲಿ ನಗು ಎದ್ದಿತು. ತೊರಾಲಿ ಮೂಗು ಒರೆಸಿಕೊಂಡು, ಒಪ್ಪಿಸಿದರು. ಎರಡು ಕಂಬದ ನಡುವೆ, ನೀರಿನ ಕಡೆಗೆ, ಒಂದು ಹಸಿರು ದೀಪ. ಆಗ ಮಾಮಾ ಬೋಟಾದಿಂದ ಅಡಿಕೆ ಎತ್ತಿಕೊಂಡು ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡರು. ಈಗ ತೊರಾಲಿಯ ಸರದಿ. ಮತ್ತೆ ನದಿ ಮುಚ್ಚುವ ದಿನ ಹೇಳಿ, ಮರಳಿ ಹೇಳು ಎಂದರು. ಮಾಮಾ ಅಗಿಯುತ್ತ ಅಗಿಯುತ್ತ ಒಪ್ಪಿಸಿದರು. ಒಪ್ಪಿಸಿದ ಮೇಲೆ, ಯಾರೂ ಕೇಳದಿದ್ದುದನ್ನೂ ಸೇರಿಸಿದರು. "ಮೇಲ್ಗಡೆ ಮರಳುದಿಬ್ಬದ ಹತ್ರ ನಾನೇ ಲಂಗರು ಹಾಕಿ ನಿಂತಿರ್ತೀನಿ. ಆ ಕಡೆಯಿಂದ ಒಂದು ಬಾತುಕೋಳೀನೂ ಬಿಡಲ್ಲ."

ದೀಪದ ಮಾತನ್ನು ತೊರಾಲಿ ಅಂದೇ ವೇಲಾಯುಧನ್ ಅವರಿಗೆ ಮುಟ್ಟಿಸಿದರು. ಅವರು, ಹೌದಲ್ಲ, ಎಂದರಂತೆ. ವಾರ ಕಳೆಯುವುದರೊಳಗೆ ದೀಪ ಹತ್ತಿತು.

ಎರಡನೆಯ ಸಲ ಅಂಕಣ ಎತ್ತಿದ್ದು ಒಂದು ಭಾನುವಾರ. ಶಾಲೆಯಿಲ್ಲದ್ದರಿಂದ ನಾನು ನೀಲಿ ಡಬ್ಬಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೆ. ಎಮ್ಮೆಯ ಕೊರಳಿಗೆ ಗಂಟೆ ಕಟ್ಟಿದ ಹಾಗೆ ಅದು, ನನಗೆ ಬೇಡ ಎಂದು ಇಷ್ಟು ವರ್ಷ ವಾಕಿಟಾಕಿ ಮುಟ್ಟದಿದ್ದ ಮಾಮಾ ಅಂದು ಕುತ್ತಿಗೆಗೆ ಹಾಕಿಕೊಂಡು ಹೋಗಿದ್ದರು. ಅದರ ಗುಂಡಿ ಬಿಡುವುದನ್ನು ಮರೆತು, ಎಲ್ಲರ ಕಿವಿಗೂ ಸ್ವಲ್ಪ ಹೊತ್ತು ತಮ್ಮ ಗೊಣಗಾಟ ಕೇಳಿಸಿದರು. ಬಲ್‌ಕಾರ್, "ತಾವು ಹಾಡಿ ಮಾಮಾ, ನಾವು ಎತ್ತೋದು ಆಮೇಲೆ ಎತ್ತೋಣ" ಎಂದ. ಆಮೇಲೆ ಎಲ್ಲ ಸುಮ್ಮನಾಯಿತು. ಉಕ್ಕಿನ ಬೀದಿ ಮಂಜಿನೊಳಗೆ ಏರತೊಡಗಿತು. ಏರುವುದು ಕಣ್ಣಿಗೆ ಕಾಣದು. ಒಮ್ಮೆ ನೋಡಿ, ಚಾ ಕುಡಿದು, ಮತ್ತೊಮ್ಮೆ ನೋಡಿದರೆ ಸ್ವಲ್ಪ ಮೇಲಿರುತ್ತದೆ, ಚಂದ್ರನ ಹಾಗೆ. ತೊರಾಲಿ ಒಂದೇ ಸಮನೆ, ಮಗುವಿಗೆ ಅನ್ನ ಉಣಿಸುವವರ ದನಿಯಲ್ಲಿ ಮಾತಾಡುತ್ತಲೇ ಇದ್ದರು. ಎಡಗಡೆ ಸ್ವಲ್ಪ ತಾಳಿ. ಬಲಗಡೆ ಬನ್ನಿ. ಮರಳಿ ಹೇಳಿ. ಮಾಮಾ, ಮೇಲ್ಗಡೆ ಏನಾದ್ರೂ ಇದೆಯಾ?

"ಒಂದು ಬಲೆ ದೋಣಿ ಬಂತು. ಅವನಪ್ಪನ ಹೆಸರು ಹಿಡಿದು ಬೈದು ವಾಪಸ್ ಕಳಿಸಿದೆ."

"ಬೈಗುಳ ಎಲ್ರಿಗೂ ಕೇಳಿಸ್ತು ಮಾಮಾ."

ಗಾಳಿ ಏಳುವ ಮುಂಚೆ ಅಂಕಣ ತನ್ನ ಬಾಯಿಗೆ ಕೂತಿತು. ಹನ್ನೆರಡು ಕಡೆಯವರ ಕೇಕೆ ಆ ಪುಟ್ಟ ಪೆಟ್ಟಿಗೆಯಿಂದ ಒಟ್ಟಿಗೆ ಸಿಡಿಯಿತು. ತೊರಾಲಿ ಕೇಕೆ ಹಾಕಲಿಲ್ಲ. ಮೊದಲು ಮಾಡಬೇಕಾದ ಕೆಲಸವೊಂದು ಬಾಕಿಯಿತ್ತು, ನದಿಯನ್ನು ತೆರೆಯುವುದು. ಬೇರೆ ದಿನ, ನದಿ ತೆರೆದಿದೆ, ಎಂದು ಎಲ್ಲರಿಗೂ ಒಟ್ಟಿಗೆ ಹೇಳುತ್ತಾರೆ. ಅಂದು ಗುಂಡಿ ಒತ್ತಿ, ಸ್ವಲ್ಪ ತಡೆದು, ಹೇಳಿದರು.

"ಮೊಹಿರಾಮ್ ದಾಸ್ ಅವರೇ, ದಾರಿ ನಿಮ್ಮದು. ಮರಳಿ ಹೇಳಿ."

ಪೆಟ್ಟಿಗೆ ಬರೀ ಗೊರಗುಟ್ಟಿತು. ಕೇಕೆ ಹಾಕುತ್ತಿದ್ದವರೂ ನಿಂತರು.

"ಮರಳಿ ಹೇಳಿ."

"ಹೂಂ" ಎಂದಿತು ಪೆಟ್ಟಿಗೆ.

"ಹೂಂ ನಡೆಯಲ್ಲ ಮಾಮಾ. ಈ ಸಲ ನಡೆಯಲ್ಲ. ಬಾಯಿಬಿಟ್ಟು ಹೇಳ್ಬೇಕು."

ನದಿಯ ಮೇಲೆ ಅಷ್ಟೊಂದು ಜನ ಒಬ್ಬ ಮುದುಕನ ಒಂದು ಮಾತಿಗೆ ಕಾದದ್ದನ್ನು ನಾನು ಕಂಡೆ. ಕೊನೆಗೆ ಬಂತು. "ದಾರಿ ನನ್ನದು." ಎರಡೇ ಎರಡು ಶಬ್ದ. ಎರಡನೆಯದು ಹೇಳುವಾಗ ದನಿ ಒಡೆಯಿತು. ಅದರ ಹಿಂದೆಯೇ ಇಂಜಿನ್ನು ಭುಟ್ ಭುಟ್ ಎಂದು ಕೆಮ್ಮುತ್ತ ಎದ್ದಿತು. ತೊರಾಲಿ ಪೆಟ್ಟಿಗೆಯ ಮೇಲೆ ಹಣೆಯಿಟ್ಟರು. ನಾನು ಚಾ ಬಿಸಿ ಮಾಡಲು ಎದ್ದೆ.

ವಸಂತದ ಬೊಹಾಗ್ ಬಿಹು ಹಬ್ಬದ ಹೊತ್ತಿಗೆ ಸೇತುವೆಯ ಉದ್ಘಾಟನೆಯಂತೆ. ಪೆಂಡಾಲಿನ ಜಾಗಕ್ಕೆ ಈಗಲೇ ಸುಣ್ಣದ ಗೆರೆ ಬಿದ್ದಿದೆ. ನಿಮ್ಮನ್ನು ಕರೆದಿದ್ದಾರಾ ಎಂದು ಕೇಳಿದರೆ ತೊರಾಲಿ ಮೇಜಿನ ಮೇಲಿನ ಹೊಳೆಯುವ ಕಾರ್ಡನ್ನು ಎರಡು ಬೆರಳಿನಲ್ಲಿ ಎತ್ತಿ ತೋರಿಸುತ್ತಾರೆ. ಅದರ ಮೇಲೆ ಚಾ ಲೋಟದ ಗುರುತಿದೆ. "ಕಾರ್ಡ್ ಬಂದಿದೆ. ತಾಮೂಲ್ ಬಂದಿಲ್ಲ. ಬಂದ್ರೆ ನೋಡೋಣ."

ಸೇತುವೆ ಮುಗಿದರೆ ಆಕೆಯ ಕೆಲಸವೂ ಮುಗಿಯುತ್ತದೆ. ನೀಲಿ ಡಬ್ಬಿ ಲಾರಿ ಹತ್ತಿ ಇನ್ನೊಂದು ನದಿಗೆ ಹೋಗುತ್ತದೆ. ಆಕೆಗೂ ಕರೆ ಇದೆ, ಹೋಗುವ ಮನಸ್ಸು ಇನ್ನೂ ಮಾಡಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಆ ಹಸಿರು ದೀಪ ಈಗ ಕಂಪನಿಯದು. ಕಂಪನಿ ಹೋದ ಮೇಲೆ ಅದು ಯಾರದು? ರಸ್ತೆಯವರು ನೀರಿನ ದೀಪ ನಮ್ಮದಲ್ಲ ಎನ್ನುತ್ತಾರೆ, ಜಲಮಾರ್ಗದವರು ಸೇತುವೆಯ ದೀಪ ನಮ್ಮದಲ್ಲ ಎನ್ನುತ್ತಾರೆ. ಪಂಚಾಯಿತಿಯವರು ಚಾ ಕೊಡುತ್ತಾರೆ. ಬಿಡುವು ಸಿಕ್ಕಾಗಲೆಲ್ಲ ತೊರಾಲಿ ಬೋಟಾ ಹಿಡಿದು ಈ ಮೂರು ಬಾಗಿಲುಗಳ ನಡುವೆ ಓಡಾಡುತ್ತಿದ್ದಾರೆ.

"ನನಗೆ ಬೇರೆ ಏನೂ ಬೇಡ ಬಾಯ್ದೇವ್. ಸನ್ಮಾನ ಗಿನ್ಮಾನ ಬೇಡ. ಆ ದೀಪ ಆರದೇ ಇದ್ರೆ ಸಾಕು. ಯಾರು ವಹಿಸ್ಕೊಂಡ್ರೂ ಸರಿ. ಆದ್ರೆ ಹೂಂ ಅಂದ್ರೆ ನಾನು ಎದ್ದು ಬರಲ್ಲ. ಮರಳಿ ಹೇಳ್ಬೇಕು."

ಹೊರಗೆ ಮಂಜು ಇನ್ನೂ ಕರಗಿಲ್ಲ. ಬಿಳುಪಿನೊಳಗೆ ಎಲ್ಲೋ ಒಂದು ಹಸಿರು ಚುಕ್ಕೆ ಇದೆ, ಇದ್ದ ಹಾಗೂ ಇಲ್ಲದ ಹಾಗೂ. ನನ್ನ ಶಾಲೆಗೆ ಹೊತ್ತಾಗಿದೆ. ಮೊದಲ ಸರದಿಗೆ ಹೋದ ಮಾಮಾ ಚಾಪರಿಯಿಂದ ವಾಪಸು ಬರುತ್ತಿದ್ದಾರೆ, ನಾಲ್ಕು ಹೆಜ್ಜೆಗೊಮ್ಮೆ ಕೆಮ್ಮುವ ಸದ್ದು ಹತ್ತಿರವಾಗುತ್ತಿದೆ. ತೊರಾಲಿ ಮಾತು ನಿಲ್ಲಿಸಿ ಕಿವಿಗೊಡುತ್ತಾರೆ. ಪೆಟ್ಟಿಗೆ ಗೊರಗುಟ್ಟುತ್ತದೆ. ಈ ಕಡೆಯಿಂದ ಯಾರೂ ಏನೂ ಕೇಳಿರುವುದಿಲ್ಲ, ಆದರೂ ಅದು ತಾನಾಗಿಯೇ ಹೇಳುತ್ತದೆ.

"ಮಾಜನಿ, ದೀಪ ಕಾಣ್ತಿದೆ. ದಾರಿ ನನ್ನದು."